ನನ್ನ ರಾಗ ಸೋರಿದ್ದು

ನಮ್ಮ ಮುತ್ತಜ್ಜನನ್ನು ಜನ ‘ಕೀಲು ತಾತ’ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷ ನಿಂತೇ ಹೋಗಿದ್ದ ಗೋಪುರದ ಗಡಿಯಾರವನ್ನು ಒಂದು ಮೊಳೆ ಮತ್ತು ಒಂದು ಚಮಚ ಎಣ್ಣೆಯಿಂದ ಓಡಿಸಿದ ಭೂಪ ಅವನು. (ಅದು ಹಿಂದಕ್ಕೆ ಓಡಿತು ಎಂದು ಕುಹಕ ಆಡುವವರು ಇದ್ದಾರೆ. ಓಡಿತೋ ಇಲ್ಲವೋ, ಅಷ್ಟು ಹೇಳಲಿ.) ಅವನ ಮಗ ‘ತಿದಿ ತಾತ’. ಕುಲುಮೆಯ ತಿದಿಯಿಂದ ಹಿಡಿದು ಹಾರ್ಮೋನಿಯಂವರೆಗೆ ಗಾಳಿ ಕುಡಿದು ಗಾಳಿ ಬಿಡುವ ಯಾವ ವಸ್ತುವಿದ್ದರೂ ಅದರ ಹೊಟ್ಟೆನೋವು ಅವನಿಗೆ ತಿಳಿಯುತ್ತಿತ್ತು. ಅವನ ಮಗ, ಅಂದರೆ ನಮ್ಮಪ್ಪ, ‘ಕಿವಿ ಮೇಸ್ತ್ರಿ’. ರಸ್ತೆಗೆ ಕಿವಿಯಿಟ್ಟು ಮಲಗಿದನೆಂದರೆ ಆರಡಿ ಕೆಳಗಿನ ನೀರಿನ ಕೊಳವೆ ಎಲ್ಲಿ ಒಡೆದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಹಾಗೆ ಮಲಗಿದ್ದಾಗ ಒಮ್ಮೆ ಯಾರೋ ಅವನ ಕಾಲ ಮೇಲೆ ಸೈಕಲ್ ಹತ್ತಿಸಿದರು. ನಮ್ಮಪ್ಪ ಅಯ್ಯೋ ಅನ್ನಲಿಲ್ಲ, “ನಿನ್ನ ಹಿಂದಿನ ಚಕ್ರದ ಬೇರಿಂಗ್ ಹೋಗಿದೆ, ನೋಡ್ಕೋ” ಅಂದನಂತೆ.

ನಾನು ಆ ಅಪ್ಪನ ಮಗ. ನಲವತ್ತೆರಡು ವರ್ಷ ನೀರೆತ್ತುವ ಪಂಪು ರಿಪೇರಿ ಮಾಡಿದವನು. ನಮ್ಮ ನಾಲ್ಕು ತಲೆಮಾರಿನಲ್ಲಿ ಒಬ್ಬನೂ ಗುರುವಿನ ಮುಂದೆ ಕೈಕಟ್ಟಿ ಕೂತವನಲ್ಲ, ಯಂತ್ರದ ಜೊತೆಗೆ ಬರುವ ಸೂಚನೆಯ ಕಾಗದವನ್ನು ಓದಿದವನಲ್ಲ. ಆ ಕಾಗದದಲ್ಲಿ ನಾವು ಕೈಯ ಗ್ರೀಸು ಒರೆಸಿಕೊಳ್ಳುತ್ತೇವೆ. ‘ಓದಿ ಬಿಚ್ಚುವವನು ಗುಮಾಸ್ತ, ಬಿಚ್ಚಿ ಓದುವವನು ಮೇಸ್ತ್ರಿ’ ಎಂಬುದು ನಮ್ಮ ಮನೆತನದ ಏಕೈಕ ಶಾಸನ. ಇಂಥ ವಂಶದ ಕುಡಿಯನ್ನು ನನ್ನ ಹೆಂಡತಿ ಹೋದ ತಿಂಗಳು ನಲವತ್ತು ಜನ ಹೆಂಗಸರ ಮುಂದೆ ನಿಲ್ಲಿಸಿ ಮಾಡಿದ್ದೇನು ಎಂಬುದನ್ನು ನಿಮ್ಮಲ್ಲಲ್ಲದೆ ಇನ್ಯಾರಲ್ಲಿ ಹೇಳಿಕೊಳ್ಳಲಿ?

ನನ್ನಾಕೆ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಸಾಲಿನ ಮೇಲ್ವಿಚಾರಕಿ. ನಲವತ್ತು ಯಂತ್ರ, ನಲವತ್ತು ಹೆಂಗಸರು, ಮೂವತ್ತೊಂದು ವರ್ಷ. ತಿಂಗಳ ಕೊನೆಯ ಶುಕ್ರವಾರ ಅವಳ ನಿವೃತ್ತಿ. ಬೀಳ್ಕೊಡುಗೆಯ ವಿಷಯ ತಿಳಿಸಲು ಸಾಲಿನ ಇಬ್ಬರು ಹೆಂಗಸರು ಮನೆಗೆ ಬಂದಿದ್ದರು. “ಕ್ಯಾಂಟೀನಿನಲ್ಲಿ ನಾಲ್ಕು ಗಂಟೆಗೆ ಸಣ್ಣ ಸಮಾರಂಭ, ಭಾಷಣ ಯಾರಿಗೂ ಬೇಡ, ಬೇರೆ ಏನಾದ್ರೂ ಇಟ್ಕೊಳ್ಳೋಣ ಅಂತ” ಎಂದು ಅವರು ಬಾಯಿ ಮುಚ್ಚುವ ಮೊದಲೇ ನಾನು ಬಾಯಿ ತೆರೆದಿದ್ದೆ.

“ಸಂಗೀತ ನಂದು. ಮೂರು ನಿಮಿಷದ್ದು. ಸ್ವಂತ ರಚನೆ.”

ಹೆಂಡತಿ ಚಹಾದ ಲೋಟ ಹಿಡಿದವಳು ಹಿಡಿದಂತೆಯೇ ನಿಂತಳು. ನಾನು ಸಂಗೀತ ನಿರ್ಮಾಪಕನಾಗಲು ಹೊರಟು ಆಗ ಒಂದು ವಾರವಾಗಿತ್ತು. ಮಗಳು ತನ್ನ ಹಳೆಯ ಕಂಪ್ಯೂಟರನ್ನೂ ಮೊಳದುದ್ದದ ಒಂದು ಕೀಬೋರ್ಡನ್ನೂ ನಮ್ಮ ಮೂಲೆಯ ಕೋಣೆಯಲ್ಲಿ ಇಟ್ಟು ಹೋಗಿದ್ದಳು. ಕೀಬೋರ್ಡು ತಾನಾಗಿ ಉಲಿಯುವುದಿಲ್ಲ. ಅದರ ಮನೆಯನ್ನು, ಅಂದರೆ ಕಪ್ಪು ಬಿಳಿ ಪಟ್ಟಿಗಳಲ್ಲಿ ಒಂದನ್ನು, ಒತ್ತಿದರೆ ಕಂಪ್ಯೂಟರಿನೊಳಗೆ ಕೂತ ಒಂದು ವಾದ್ಯ ನುಡಿಯಬೇಕು. ತಂತಿ, ಚರ್ಮ, ಗಾಳಿ ಯಾವುದೂ ಇಲ್ಲದೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಈ ವಾದ್ಯಕ್ಕೆ ಸಿಂಥಸೈಜರ್ ಎನ್ನುತ್ತಾರೆ. ಅದನ್ನೇ ಪೆಟ್ಟಿಗೆ ಗಿಟ್ಟಿಗೆ ಇಲ್ಲದೆ ಬರೀ ಸಾಫ್ಟ್‌ವೇರ್ ಆಗಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಪ್ಲಗಿನ್ ಎನ್ನುತ್ತಾರೆ. ಅಂದರೆ ವಾದ್ಯದ ದೇಹ ಹೋಗಿ ಆತ್ಮ ಮಾತ್ರ ಉಳಿದದ್ದು. ಇಂಟರ್ನೆಟ್ಟಿನಲ್ಲಿ ಇಂಥ ಆತ್ಮಗಳು ಸಾವಿರಗಟ್ಟಲೆ ಅಲೆಯುತ್ತಿವೆ.

ಒಬ್ಬ ಹೊಸಬ ಒಂದನ್ನು ಆರಿಸಿಕೊಂಡು ಸುಮ್ಮನೆ ನುಡಿಸಲು ಕೂತಾನು. ಮೇಸ್ತ್ರಿ ಹಾಗೆ ಮಾಡುತ್ತಾನೆಯೇ? ಪುಕ್ಕಟೆ ಸಿಕ್ಕ ನಲವತ್ತೊಂದನ್ನು ಇಳಿಸಿಕೊಂಡೆ. ಒಂದೊಂದನ್ನೂ ಓಡಿಸಿ ನೋಡಲು ಶುರು ಮಾಡಿದೆ.

ಓಡಿಸಿ ನೋಡುವುದು ಎಂದರೆ ಏನೆಂದು ಪಂಪಿನ ಕಸುಬಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಪಂಪು ಮೊದಲ ಐದು ನಿಮಿಷ ಹೊಸ ಅಳಿಯನ ಹಾಗೆ ಮೆತ್ತಗೆ ಇರುತ್ತದೆ. ಅದರ ನಿಜ ಗುಣ ತಿಳಿಯಬೇಕಾದರೆ ಒಂದು ಗಂಟೆ ಎಡೆಬಿಡದೆ ಓಡಿಸಬೇಕು, ಮೈ ಮುಟ್ಟಿ ಬಿಸಿ ನೋಡಬೇಕು, ನಡುಕ ನೋಡಬೇಕು, ಸದ್ದು ಒರಟಾಯಿತೋ ಎಂದು ಕೇಳಬೇಕು. ನಾನು ಪ್ಲಗಿನ್‌ಗಳಿಗೂ ಅದೇ ನ್ಯಾಯ ಮಾಡಿದೆ. ಒಂದನ್ನು ತೆರೆಯುವುದು, ಕೀಬೋರ್ಡಿನ ನಡುವಿನ ಒಂದು ಮನೆಯ ಮೇಲೆ ಉಪ್ಪಿನ ಡಬ್ಬಿ ಇಡುವುದು, ಒಂದು ಗಂಟೆ ಬಿಡುವುದು. ಪಕ್ಕದಲ್ಲಿ ನೋಟುಪುಸ್ತಕ: ‘ಒಂಬತ್ತನೆಯದು. ಬಿಸಿ ಇಲ್ಲ. ನಡುಕ ಇಲ್ಲ. ಸ್ವರದಲ್ಲಿ ತಗಡಿನ ಅಂಶ ಜಾಸ್ತಿ.’ ‘ಹದಿನಾಲ್ಕನೆಯದು. ಮೊದಲು ಜೇನು, ಆಮೇಲೆ ಜೇನುಹುಳ.’

“ರೀ,” ಅಂದಳು ಹೆಂಡತಿ ಒಂದು ಸಂಜೆ, ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುತ್ತಾ. “ದಿನವಿಡೀ ನಲವತ್ತು ಮೆಷಿನ್ ಸದ್ದು ಕೇಳಿ ಮನೆಗೆ ಬರ್ತೀನಿ. ಇಲ್ಲಿ ಬಂದ್ರೆ ‘ಊಂ’ ಅಂತ ಒಂದೇ ಸಮ. ಇದೇನು ಮನೆಯೋ, ಹಡಗೋ?”

“ಪರೀಕ್ಷೆ ನಡೀತಿದೆ ಕಣೇ.”

“ನನ್ನ ಉಪ್ಪಿನ ಡಬ್ಬಿಗಾ?”

“ತಾಳ್ಮೆ ಬೇಕು. ಇಪ್ಪತ್ಮೂರು ಮುಗೀತು.”

“ಹಾಡು ಎಷ್ಟು ಮುಗೀತು?”

ಹೆಂಗಸರ ಬಾಯಲ್ಲಿ ಒಂದೊಂದು ಪ್ರಶ್ನೆ ಹೇಗೆ ಹುಟ್ಟುತ್ತದೆ ನೋಡಿ, ಸೂಜಿಯ ಕಣ್ಣಿಗೆ ದಾರ ಹೋದ ಹಾಗೆ. ಹಾಡು ಒಂದು ಸ್ವರವೂ ಆಗಿರಲಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಪ್ಪತ್ತಮೂರನೆಯದನ್ನು ಓಡಿಸುವಾಗ ಇಪ್ಪತ್ತನಾಲ್ಕನೆಯದು ಇದಕ್ಕಿಂತ ಚೆನ್ನಾಗಿದ್ದರೆ ಎಂಬ ಚಿಂತೆ, ಇಪ್ಪತ್ತನಾಲ್ಕಕ್ಕೆ ಹೋದರೆ ಹನ್ನೊಂದನೆಯದೇ ಮೇಲಿತ್ತೇನೋ ಎಂಬ ಸಂಶಯ. ಅನ್ನದ ತಟ್ಟೆಯ ಮುಂದಿನಿಂದ ಎದ್ದು ಹೋಗಿ ಹನ್ನೊಂದನ್ನು ಕೇಳಿ ಬರುತ್ತಿದ್ದೆ. ಸ್ನಾನಕ್ಕೆ ಹೋದವನು ಸೋಪು ಹಚ್ಚಿಕೊಂಡೇ ಹೊರಗೆ ಬಂದು ಹದಿನೇಳನ್ನು ಕೇಳಿದ್ದೇನೆ. (ಆ ದಿನ ಕೀಬೋರ್ಡಿನ ಎರಡು ಮನೆ ಅಂಟಿಕೊಂಡವು.) ಪಕ್ಕದ ಮನೆಯ ಮೇಷ್ಟ್ರು ಬೇಲಿಯ ಆಚೆಯಿಂದ, “ನಿಮ್ಮ ಮನೇಲಿ ಏನಾದ್ರೂ ದೊಡ್ಡದು ಕೊರೀತಿದ್ದೀರಾ?” ಎಂದು ವಿನಯದಿಂದ ಕೇಳಿದರು. “ಹೌದು, ನಮ್ಮ ತಲೆ” ಅಂದಳು ಹೆಂಡತಿ, ನಾನು ಉತ್ತರ ಕೊಡುವ ಮೊದಲೇ.

ಶುಕ್ರವಾರಕ್ಕೆ ಎಂಟು ದಿನ ಉಳಿದಾಗ ಅವಳು ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ದನಿ ತಗ್ಗಿಸಿದ್ದಳು. ಜಗಳದ ದನಿಗೆ ನಾನು ಹೆದರುವುದಿಲ್ಲ, ತಗ್ಗಿದ ದನಿಗೆ ಹೆದರುತ್ತೇನೆ.

“ನೋಡಿ, ಇಡೀ ಸಾಲಿಗೆ ಹೇಳಿಬಿಟ್ಟಿದ್ದೀನಿ. ನಮ್ಮನೆಯವರು ನನಗೋಸ್ಕರ ಹಾಡು ಕಟ್ತಿದ್ದಾರೆ ಅಂತ. ಮೂವತ್ತೊಂದು ವರ್ಷದಲ್ಲಿ ನಾನು ಅಲ್ಲಿ ಜಂಬ ಕೊಚ್ಕೊಂಡಿದ್ದು ಇದೊಂದೇ ಸಲ. ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ಅಳಿಯಂದ್ರ ಗೆಳೆಯ ಒಬ್ಬ ಕೀಬೋರ್ಡ್ ನುಡಿಸ್ತಾನಂತೆ, ಕರೆಸೋಣ.”

“ಯಾವನೂ ಬೇಡ,” ಅಂದೆ. “ನನ್ನ ಹೆಂಡತಿ ರಿಟೈರ್ ಆಗೋದಕ್ಕೆ ಬಾಡಿಗೆ ಬೆರಳು ಯಾಕೆ?”

ಆ ರೋಷದಲ್ಲಿಯೇ ಪುಕ್ಕಟೆಯವನ್ನು ಅಲ್ಲಿಗೆ ಬಿಟ್ಟು, ಬೆಲೆ ಕೇಳಿದರೆ ಎದೆ ಝಲ್ಲೆನ್ನುವಂಥ ಒಂದನ್ನು ಹತ್ತು ದಿನದ ಪರೀಕ್ಷೆಗೆಂದು ಇಳಿಸಿಕೊಂಡೆ. ಏನು ಹೇಳಲಿ! ಮೊದಲ ಸ್ವರಕ್ಕೇ ಮೈ ನವಿರೆದ್ದಿತು. ತುಂಬಿದ ಕೊಡವನ್ನು ಮೆಲ್ಲಗೆ ನೆಲಕ್ಕೆ ಇಳಿಸಿದಂಥ ನಾದ. ಸ್ವರಗಳನ್ನು ಅದರೊಳಗೇ ಸಾಲಾಗಿ ಕೂರಿಸಿ ಬೇಕಾದಷ್ಟು ಸಲ ಕೇಳುವ ಏರ್ಪಾಡೂ ಇತ್ತು. ನನ್ನ ಬೆರಳಿಗೆ ನುಡಿಸುವ ಚುರುಕು ಇಲ್ಲವಾದ್ದರಿಂದ ಒಂದೊಂದೇ ಸ್ವರವನ್ನು ಮೌಸಿನಿಂದ ಹಿಡಿದು, ಎಳೆದು, ಕೂರಿಸಿ, ಇಟ್ಟಿಗೆ ಕಟ್ಟಿದ ಹಾಗೆ ಐದು ದಿನದಲ್ಲಿ ನಾಲ್ಕು ಸಾಲಿನ ರಾಗ ಕಟ್ಟಿದೆ. ತೆರೆದಾಗ ಒಮ್ಮೆ, ಉಳಿಸು ಎಂದು ಒತ್ತಿದಾಗೆಲ್ಲ ಒಮ್ಮೆ, ಪರದೆಯ ಮೇಲೆ ಸಣ್ಣಕ್ಷರದ ಒಂದು ಚೌಕ ಬರುತ್ತಿತ್ತು. ವಂದನೆ ಹೇಳುತ್ತಿರಬೇಕು ಎಂದು ನಾನೂ ಮರ್ಯಾದೆಯಿಂದ ‘ಓಕೆ’ ಒತ್ತುತ್ತಿದ್ದೆ. ಕಂಪ್ಯೂಟರನ್ನು ಹಗಲೂ ರಾತ್ರಿ ಆರಿಸಲಿಲ್ಲ. ಒಳ್ಳೆಯ ಯಂತ್ರವನ್ನು ಪದೇ ಪದೇ ನಿಲ್ಲಿಸಿ ಹೊರಡಿಸಿದರೆ ಅದಕ್ಕೆ ಆಯಾಸ.

ಅದುವರೆಗೆ ತುಂಡುತುಂಡಾಗಿಯೇ ಕೇಳಿದ್ದ ರಾಗವನ್ನು ಬುಧವಾರ ಬೆಳಿಗ್ಗೆ ಮೊದಲ ಸಲ ಪೂರ್ತಿ ಹಚ್ಚಿ ಕಣ್ಣು ಮುಚ್ಚಿ ಕೂತೆ. ಮೊದಲ ಸಾಲು ಹರಿಯಿತು. ಎರಡನೆಯದು ಏರಿತು. ಆಗ, “ಸ್ಸ್ಸ್ಸ್…”

ಕಣ್ಣು ಬಿಟ್ಟೆ. ಮತ್ತೆ ರಾಗ. ಮತ್ತೆ ಸ್ವಲ್ಪ ಹೊತ್ತಿಗೆ “ಸ್ಸ್ಸ್ಸ್…” ಗಡಿಯಾರ ಹಿಡಿದೆ. ಸರಿಯಾಗಿ ನಲವತ್ತು ಸೆಕೆಂಡಿಗೊಮ್ಮೆ.

ಕಿವಿ ಮೇಸ್ತ್ರಿಯ ಮಗನಿಗೆ ಅದು ಏನೆಂದು ಯಾರಾದರೂ ಹೇಳಿಕೊಡಬೇಕೇ? ಒತ್ತಡದಲ್ಲಿರುವ ನೀರು ಸಣ್ಣ ಸಂದಿಯಿಂದ ನುಗ್ಗುವ ಸದ್ದು. ಮನೆಯಲ್ಲಿ ಎಲ್ಲೋ ಕೊಳವೆ ಸೋರುತ್ತಿದೆ! ರಾಗವನ್ನು ನಿಲ್ಲಿಸಿ ಆಲಿಸಿದೆ. ಸದ್ದಿಲ್ಲ. ಹಚ್ಚಿದೆ. ಬಂತು. ನಿಲ್ಲಿಸಿದೆ. ಇಲ್ಲ. ಸಾಮಾನ್ಯನಾಗಿದ್ದರೆ ಇಲ್ಲಿ ದಾರಿ ತಪ್ಪುತ್ತಿದ್ದ. ನಾನು ಎರಡೇ ನಿಮಿಷದಲ್ಲಿ ಕಾರಣ ಕಂಡುಹಿಡಿದೆ. ನನ್ನ ರಾಗದ ಮಂದ್ರ ಸ್ವರ ಎಷ್ಟು ಗಂಭೀರವಾಗಿತ್ತೆಂದರೆ ಅದರ ಕಂಪನಕ್ಕೆ ಗೋಡೆಯೊಳಗಿನ ಕೊಳವೆಯ ಕೀಲೊಂದು ಬಾಯಿ ಬಿಡುತ್ತಿತ್ತು.

“ನೋಡೇ,” ಅಂದೆ ಹೆಮ್ಮೆಯಿಂದ, “ನನ್ನ ಸಂಗೀತಕ್ಕೆ ಪೈಪು ಕರಗ್ತಿದೆ.”

“ಕಲ್ಲು ಕರಗೋದು ಕೇಳಿದ್ದೆ,” ಅಂದಳು.

ಸೋರಿಕೆ ಹುಡುಕಬೇಕಾದರೆ ರಾಗ ಓಡುತ್ತಲೇ ಇರಬೇಕು. ಹಾಗಾಗಿ ಬುಧವಾರ, ಗುರುವಾರ, ಎರಡು ದಿನ ನಮ್ಮ ಮನೆಯಲ್ಲಿ ಅದೇ ಮೂರು ನಿಮಿಷ ನಿಲ್ಲದೆ ತಿರುಗಿತು. ನಿವೃತ್ತಿಗೆ ಮೊದಲು ಉಳಿದಿದ್ದ ರಜೆ ಹಾಕಿ ಮನೆಯಲ್ಲಿದ್ದ ಹೆಂಡತಿ ಅದರ ನಡುವೆಯೇ ಒಗೆದಳು, ಬೇಯಿಸಿದಳು, ಶುಕ್ರವಾರದ ಸೀರೆಗೆ ಇಸ್ತ್ರಿ ಹಾಕಿದಳು. ನಾನು ಹೊಟ್ಟೆಯ ಮೇಲೆ ತೆವಳುತ್ತಾ ಗೋಡೆ ಗೋಡೆಗೆ ಕಿವಿಯಿಟ್ಟೆ. ಬಚ್ಚಲಿನ ನಲ್ಲಿ ಬಿಚ್ಚಿದೆ, ಸರಿಯಿತ್ತು. ಅಡುಗೆಮನೆಯ ತೊಟ್ಟಿಯ ಕೆಳಗಿನ ಕೀಲು ಬಿಚ್ಚಿದೆ. ಅದೂ ಸರಿಯಿತ್ತು, ಬಿಚ್ಚುವ ತನಕ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಿಜವಾಗಿಯೂ ಒಂದು ಸೋರಿಕೆ ಶುರುವಾಯಿತು.

ಗುರುವಾರ ಸಂಜೆ ಹೆಂಡತಿ ನನ್ನನ್ನು ಕೇಳದೆ ಪ್ಲಂಬರನ್ನು ಕರೆಸಿದಳು. ಅವನು ತೊಟ್ಟಿಯ ಕೆಳಗೆ ಬಕೆಟ್ ಇಟ್ಟು, ಒಂದು ಗಳಿಗೆ ಆಲಿಸಿ, ನನ್ನ ಕೋಣೆಯ ಕಡೆ ಬೊಟ್ಟು ಮಾಡಿದ.

“ಯಜಮಾನ್ರೇ, ತಪ್ಪು ತಿಳೀಬೇಡಿ. ಆ ‘ಸ್ಸ್’ ಬರ್ತಿರೋದು ನಿಮ್ಮ ಸ್ಪೀಕರಿಂದ.”

“ಎಷ್ಟು ವರ್ಷ ಆಯ್ತಪ್ಪಾ ಕಸುಬಿಗೆ ಬಂದು?”

“ಹನ್ನೆರಡು.”

“ನಂಗೆ ನಲವತ್ತೆರಡು. ಆ ಸ್ಪೀಕರ್ ಹಿಂದೆ ಗೋಡೆ ಇದೆ, ಗೋಡೆ ಒಳಗೆ ಪೈಪಿದೆ. ಸದ್ದು ಎದುರಿಂದ ಬಂದ ಹಾಗೆ ಕೇಳುತ್ತೆ, ಹಿಂದಿಂದ ಬರುತ್ತೆ. ಹೋಗು, ಇನ್ನೊಂದು ಮೂವತ್ತು ವರ್ಷ ಬಿಟ್ಟು ಬಾ.”

ಅವನು ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡಿದಳು. ಅಂದರೆ ನಮ್ಮ ಸೂರಿನ ಕಡೆಗೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಎಲ್ಲ ಕೀಲೂ ಬಿಚ್ಚಿಯಾಗಿತ್ತು. ಉಳಿದಿದ್ದು ಹಿತ್ತಲಿನ ಪಂಪು ಒಂದೇ. ಪಂಪಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಇಳಿಸಬೇಕು. ಇದನ್ನು ನಾನು ನಿದ್ದೆಯಲ್ಲೂ ಮೀರಿದವನಲ್ಲ. ನಲವತ್ತೆರಡು ವರ್ಷದಲ್ಲಿ ಒಂದು ಸಲವೂ ಕರೆಂಟು ಹೊಡೆಸಿಕೊಳ್ಳದ ನನ್ನ ಕೈಗಳೇ ಅದಕ್ಕೆ ಸಾಕ್ಷಿ. ಒಳಗೆ ರಾಗ ಹರಿಯುತ್ತಿತ್ತು. ಮೂರನೇ ಸಾಲು. “ಸ್ಸ್ಸ್…” ಶುರುವಾಯಿತು. ಸ್ವಿಚ್ ಇಳಿಸಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು.

“ಸಿಕ್ತು ಕಣೇ!” ಎಂದು ಕೂಗಿದೆ ಹಿತ್ತಲಿನಿಂದ. “ಪಂಪೇ! ಸದ್ದು ನಿಂತ್ಹೋಯ್ತು!”

ಒಳಗಿನಿಂದ ಹೆಂಡತಿಯ ದನಿ ಬಂತು. ತಗ್ಗಿದ ದನಿ.

“ಸದ್ದು ನಿಂತಿದೆ. ಫ್ಯಾನೂ ನಿಂತಿದೆ. ನಿಮ್ಮ ಹಾಡೂ ನಿಂತಿದೆ ರೀ.”

ನಾನು ಒಳಗೆ ಓಡಿದ್ದನ್ನು ವರ್ಣಿಸುವುದಿಲ್ಲ. ಅಡುಗೆಮನೆಯ ಒದ್ದೆ ನೆಲದ ಮೇಲೆ ಅರ್ಧ ಓಡಿದೆ, ಅರ್ಧ ಜಾರಿದೆ. ಸ್ವಿಚ್ ಏರಿಸಿ ಕಂಪ್ಯೂಟರ್ ಹೊತ್ತಿಸಿದರೆ ಪ್ಲಗಿನ್ ನಗುನಗುತ್ತಾ ಬಾಯಿ ತೆರೆಯಿತು. ಒಳಗೆ ಒಂದು ಸ್ವರವಿಲ್ಲ. ಗುಡಿಸಿ ಸಾರಿಸಿ ಇಟ್ಟ ಅಂಗಳ.

ಮಗಳು ಬಸ್ ಚಾಲಕಿ. ತಾಯಿಯ ಫೋನಿಗೆ ಮಧ್ಯಾಹ್ನದ ಪಾಳಿ ಬಿಟ್ಟು ಖಾಕಿಯಲ್ಲೇ ಬಂದಳು. ಪರದೆಯ ಮೇಲೆ ಅದೇ ಸಣ್ಣಕ್ಷರದ ಚೌಕ ಬಂದಿತ್ತು. ನಾನು ‘ಓಕೆ’ ಒತ್ತಲು ಕೈ ಚಾಚಿದೆ, ಅವಳು ನನ್ನ ಕೈ ಹಿಡಿದು ಓದಿದಳು.

“‘ಇದು ಪರೀಕ್ಷೆಗೆ ಕೊಟ್ಟ ಪ್ರತಿ. ಇದರಲ್ಲಿ ಮಾಡಿದ ಕೆಲಸವನ್ನು ಉಳಿಸಲು ಆಗುವುದಿಲ್ಲ. ಇದು ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಬಳಕೆಯಾಗದಂತೆ ನಲವತ್ತು ಸೆಕೆಂಡಿಗೊಮ್ಮೆ ಒಂದು ಸದ್ದು ಬರುತ್ತದೆ.’ ಅಪ್ಪಾ, ಇದನ್ನ ಕಂಪ್ಯೂಟರ್ ಎಷ್ಟು ಸಲ ತೋರಿಸಿದೆ ನಿಂಗೆ?”

“ಒಂದು ಅರವತ್ತು ಸಲ ತೋರಿಸಿರಬಹುದು. ಹೇಳೋದಿದ್ರೆ ಗಟ್ಟಿಯಾಗಿ ಹೇಳ್ಬೇಕಮ್ಮ. ಅಷ್ಟು ಸಣ್ಣಕ್ಕೆ ಪಿಸುಗುಟ್ಟಿದ್ರೆ?”

“ದಿನಾ ನೋಡ್ತೀನಿ ನಿನ್ನಂಥೋರನ್ನ. ಬೋರ್ಡ್ ಓದದೇ ಹತ್ತಿ, ಕೊನೇ ಸ್ಟಾಪಲ್ಲಿ ಡ್ರೈವರಿಗೆ ಬೈತಾರೆ.”

ಹೆಂಡತಿ ಇಸ್ತ್ರಿಯಾದ ಸೀರೆಯನ್ನು ತೋಳ ಮೇಲೆ ಹಾಕಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಕೀಬೋರ್ಡಿನ ಮುಂದೆ ಕೂತು ನೆನಪು ಮಾಡಿಕೊಳ್ಳಲು ನೋಡಿದೆ. ಇಟ್ಟಿಗೆ ಕಟ್ಟಿದವನಿಗೆ ಯಾವ ಇಟ್ಟಿಗೆ ಎಲ್ಲಿತ್ತೆಂದು ನೆನಪಿರುತ್ತದೆಯೇ? ಮೊದಲ ನಾಲ್ಕು ಸ್ವರ ಬಂದವು. ಐದನೆಯದು ಬರಲಿಲ್ಲ. ಎರಡು ದಿನ ನಾನು ಕೇಳಿದ್ದೆಲ್ಲ ಆ ‘ಸ್ಸ್’ ಒಂದನ್ನೇ, ರಾಗವನ್ನು ಕೇಳಿಯೇ ಇರಲಿಲ್ಲ.

ನಾಲ್ಕು ಗಂಟೆಗೆ ಕಾರ್ಖಾನೆಯ ಕ್ಯಾಂಟೀನು. ಉದ್ದದ ಮೇಜುಗಳನ್ನು ಗೋಡೆಗೆ ತಳ್ಳಿದ್ದರು. ಗೋಡೆಯ ಮೇಲೆ ಕಾಲರಿನ ಚೂರು ಬಟ್ಟೆಗಳಿಂದಲೇ ಮಾಡಿದ ತೋರಣ. ನಲವತ್ತು ಹೆಂಗಸರು, ಕುತ್ತಿಗೆಯಲ್ಲಿ ಅಳತೆಪಟ್ಟಿ ತೆಗೆಯಲು ಮರೆತವರು ಕೆಲವರು. ಎದುರಿಗೆ ಒಂದು ಮೈಕು, ನನಗೆಂದೇ ತರಿಸಿದ್ದ ಆಳೆತ್ತರದ ಸ್ಪೀಕರು. ನಾನು ಜೇಬಿನಲ್ಲಿ ಒಂದು ಸುಳ್ಳು ಇಟ್ಟುಕೊಂಡು ಹೋಗಿದ್ದೆ: ವಿದ್ಯುತ್ ವ್ಯತ್ಯಯ. (ಪೂರ್ತಿ ಸುಳ್ಳಲ್ಲ ನೋಡಿ.)

ಮ್ಯಾನೇಜರು, “ಈಗ ಮೇಡಂ ಅವರ ಯಜಮಾನರ ಸ್ವಂತ ರಚನೆ” ಎಂದರು. ಚಪ್ಪಾಳೆ. ಎದ್ದೆ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ವಿದ್ಯುತ್ತು ಎಂದು ಶುರುಮಾಡಬೇಕು, ಹೆಂಡತಿಯ ಮುಖ ಕಂಡಿತು, ಮಾತು ಹೊರಡಲಿಲ್ಲ. ನಲವತ್ತು ಹೆಂಗಸರ ಮುಂದೆ ಎರಡು ನಿಮಿಷ ಬಾಯಿ ತೆರೆದು ನಿಲ್ಲುವುದು ಏನೆಂದು ನಿಂತವನಿಗೇ ಗೊತ್ತು.

ಅವಳು ಎದ್ದು ಬಂದಳು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮೈಕು ಹಿಡಿದಳು.

“ನಮ್ಮನೆಯವರು ಕಟ್ಟಿದ ಹಾಡು ಕಂಪ್ಯೂಟರಲ್ಲಿತ್ತು. ಇವತ್ತು ಬೆಳಿಗ್ಗೆ ಹೋಯ್ತು. ಹೆಂಗೆ ಹೋಯ್ತು ಅಂತ ಆಮೇಲೆ ಹೇಳ್ತೀನಿ, ನಗೋಕೆ ಬೇರೆ ಟೈಮ್ ಬೇಕು. ಆದ್ರೆ ಎರಡು ದಿನ ಬಿಡದೇ ಕೇಳಿದ್ದೀನಿ. ನಂಗೆ ಪೂರ್ತಿ ಬಾಯಿಗೆ ಬಂದಿದೆ.”

ಕಣ್ಣು ಮುಚ್ಚಿ ಹಾಡಿದಳು. ಮಾತಿಲ್ಲ, ಬರೀ ‘ತಾನ ನಾನ’. ಮೂವತ್ತೈದು ವರ್ಷ ಸಂಸಾರ ಮಾಡಿದ ನನಗೆ ಇವಳ ಗಂಟಲಲ್ಲಿ ಇಂಥದ್ದೊಂದು ಇದೆ ಎಂದು ಗೊತ್ತಿರಲಿಲ್ಲ. ಮೊದಲ ಸಾಲು ಹರಿಯಿತು, ಎರಡನೆಯದು ಏರಿತು. ಅಲ್ಲಿಗೆ ಸರಿಯಾಗಿ ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಶ್ರದ್ಧೆಯಿಂದ “ಸ್ಸ್ಸ್ಸ್…” ಅಂದಳು. ಕಟ್ಟಿದ್ದನ್ನು ಕಟ್ಟಿದಂತೆ ಒಪ್ಪಿಸುವವಳು ಅವಳು, ಕಾಲರಿನಲ್ಲಿ ಒಂದು ಹೊಲಿಗೆ ಬಿಟ್ಟರೆ ವಾಪಸ್ಸು ಕಳಿಸುವವಳು.

ಮೊದಲ ‘ಸ್ಸ್’ಗೆ ಎಲ್ಲರೂ ಬೆಚ್ಚಿದರು. ಎರಡನೆಯದಕ್ಕೆ ನಕ್ಕರು. ಮೂರನೆಯದಕ್ಕೆ ಅವಳಿಗಿಂತ ಮೊದಲೇ ನಲವತ್ತು ಬಾಯಿ “ಸ್ಸ್ಸ್ಸ್” ಎಂದವು. ಮ್ಯಾನೇಜರೂ ಎಂದರು. ಮುಗಿದ ಮೇಲೆ ಇನ್ನೊಂದು ಸಲ ಎಂದು ಹಟ ಹಿಡಿದರು. ಎರಡನೇ ಸಲಕ್ಕೆ ಹಲವರ ಕಣ್ಣು ಒದ್ದೆ, ಬಾಯಿ ಮಾತ್ರ ‘ಸ್ಸ್’ಗೆ ಸಿದ್ಧ. ನನ್ನ ಹೆಂಡತಿ ಅಳುತ್ತಾ ನಗುತ್ತಾ ಹಾಡಿದಳು.

ಆಮೇಲೆ ಎಲ್ಲರೂ ಅವಳನ್ನೇ ಮುತ್ತಿದರು. “ಅಕ್ಕಾ, ಮೂವತ್ತೊಂದು ವರ್ಷ ಈ ಗಂಟಲು ಎಲ್ಲಿ ಬಚ್ಚಿಟ್ಟಿದ್ರಿ?” ಒಬ್ಬಳು ಮಾತ್ರ ನನ್ನ ಹತ್ತಿರ ಬಂದು, “ಅಣ್ಣಾ, ಆ ‘ಸ್ಸ್’ ಇದೆಯಲ್ಲಾ, ಅದು ನಿಮ್ಮದಾ?” ಎಂದಳು. ಎದೆ ಉಬ್ಬಿಸಿ ಹೌದು ಎಂದೆ. ಇಡೀ ರಾಗದಲ್ಲಿ ನಾನು ಮಾಡದ ಅಂಶ ಅದೊಂದೇ ಆಗಿತ್ತು. ಇನ್ನೂ ಒಂದು ಮಾತು, ಇದನ್ನು ಅವಳಿಗೆ ಹೇಳಬೇಡಿ. ಮೂರನೇ ಸಾಲಿನಲ್ಲಿ ನನ್ನ ರಾಗ ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಕಾಲಿನಂತೆ ಧೊಪ್ಪನೆ ಇಳಿಯುತ್ತಿತ್ತು. ಅವಳು ಅಲ್ಲಿ ಒಂದು ಸ್ವರ ಸೇರಿಸಿ ಮೆಟ್ಟಿಲು ಕಟ್ಟಿದ್ದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು, “ಅಪ್ಪಾ, ನಾಳೆ ನಂಗೆ ರಜೆ. ಒಂದು ಒಳ್ಳೇ ಪ್ಲಗಿನ್ ನಾನೇ ಆರಿಸಿ, ಸೂಚನೆ ಎಲ್ಲ ಓದಿ ಹೇಳ್ತೀನಿ” ಎಂದಳು. ಹೆಂಡತಿ ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

“ಇನ್ಮೇಲೆ ನಂಗೂ ಬಿಡುವು ರೀ. ಒಂದೊಂದೇ ಸಾಲು ನಿಧಾನವಾಗಿ ಹೇಳ್ತೀನಿ, ನೀವು ಮತ್ತೆ ಕೂರಿಸ್ತಾ ಹೋಗಿ. ಆ ಮೂರನೇ ಸಾಲು ಸ್ವಲ್ಪ ಕಷ್ಟ.”

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅವರಿಬ್ಬರ ಕಡೆ ತಿರುಗದೆ ಹೇಳಿದೆ:

“ಬೇಡ. ನೀನು ಓದಿ ಹೇಳೋದೂ ಬೇಡ, ನಿಮ್ಮಮ್ಮ ಹಾಡಿ ತೋರಿಸೋದೂ ಬೇಡ. ಕಟ್ಟಿದೋನು ನಾನು, ಹೇಳ್ಕೊಡೋಕೆ ನೀವ್ಯಾರು? ಬಾಗಿಲು ಎಳ್ಕೊಂಡು ಹೋಗಿ. ಪೂರ್ತಿ ಹಾಕ್ಬೇಡಿ, ಸೆಖೆ ಆಗುತ್ತೆ. ಮತ್ತೆ ನೋಡೇ, ಆಚೆ ನಿನ್ನ ಪಾಡಿಗೆ ನೀನು ಏನಾದ್ರೂ ಕೆಲಸ ಮಾಡ್ತಾ ಆ ಮೂರನೇ ಸಾಲು ಗುನುಗಿದ್ರೆ ನಾನೇನು ಕಿವಿಗೆ ಹತ್ತಿ ಇಟ್ಕೊಳ್ಳೋಕಾಗುತ್ತಾ? ಸ್ವಲ್ಪ ಗಟ್ಟಿಯಾಗೇ ಗುನುಗು. ಸಹಾಯ ಮಾತ್ರ ಬೇಡ.”